ಬಿಚ್ಚುವಾಗಲೇ ಅಪಾಯ ಜಾಸ್ತಿ: ಪ್ಲುಟೋನಿಯಂ ಅಂಟಿದ ಯಂತ್ರ ಕಳಚುವವರ ರಕ್ಷಣೆ ಹೇಗೆ?

ವಿಕಿರಣ ಅಂದ ಕೂಡಲೇ ಬಿಳಿ ಸೂಟು, ಮುಖ ಮುಚ್ಚಿದ ಮಾಸ್ಕು ನೆನಪಾಗುತ್ತವೆ. ಪತ್ರಿಕೆಗಳಲ್ಲಿ ಬರುವ ಫೋಟೋಗಳೂ ಅಂಥವೇ. ಆದರೆ ವಿಕಿರಣಶೀಲ ಧೂಳು ಅಂಟಿದ ಯಂತ್ರಗಳನ್ನು ಬಿಚ್ಚುವ ಕೆಲಸದಲ್ಲಿ ಸೂಟು ಕಟ್ಟಕಡೆಯ ತಡೆ. ಅದಕ್ಕೂ ಮೊದಲು ನಾಲ್ಕೈದು ತಡೆಗಳಿರಬೇಕು. ಅವೆಲ್ಲ ಸರಿಯಿದ್ದರೆ ಸೂಟಿಗೆ ಕೆಲಸವೇ ಬೀಳಬಾರದು. ಇದು ಹೇಗೆ ಅಂತ ನೋಡಲು ಹ್ಯಾನ್‌ಫರ್ಡ್‌ಗಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಅಲ್ಲಿ ಸರಿಯಾದದ್ದೂ ಇದೆ, ಎಡವಿದ್ದೂ ಇದೆ.

ಹ್ಯಾನ್‌ಫರ್ಡ್ ಇರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಕೊಲಂಬಿಯಾ ನದಿಯ ದಡದಲ್ಲಿ. ನಾಗಸಾಕಿಯ ಮೇಲೆ ಬಿದ್ದ ಬಾಂಬಿನ ಪ್ಲುಟೋನಿಯಂ ತಯಾರಾದದ್ದು ಇಲ್ಲೇ. ಯುದ್ಧ ಮುಗಿದ ಮೇಲೂ ಕೆಲಸ ನಿಲ್ಲಲಿಲ್ಲ. 1949ರಲ್ಲಿ ಇಲ್ಲಿ ಪ್ಲುಟೋನಿಯಂ ಫಿನಿಶಿಂಗ್ ಪ್ಲಾಂಟ್ ಎಂಬ ಕಾರ್ಖಾನೆ ಶುರುವಾಯಿತು. ದ್ರಾವಣದಲ್ಲಿ ಕರಗಿ ಬಂದ ಪ್ಲುಟೋನಿಯಂ ಇಲ್ಲಿಂದ ಗಟ್ಟಿ ಲೋಹದ ಬಿಲ್ಲೆಯಾಗಿ ಹೊರಹೋಗುತ್ತಿತ್ತು. 1989ರಲ್ಲಿ ಉತ್ಪಾದನೆ ನಿಂತಿತು. ಆಮೇಲೆ ಉಳಿದದ್ದು ಇನ್ನೂರಕ್ಕೂ ಹೆಚ್ಚು ಗ್ಲೋವ್‌ಬಾಕ್ಸ್‌ಗಳು, ಮೈಲಿಗಟ್ಟಲೆ ಪೈಪು, ಗಾಳಿಯ ಕೊಳವೆಗಳು, ತೊಟ್ಟಿಗಳು. ಎಲ್ಲದರ ಒಳಗೂ ಪ್ಲುಟೋನಿಯಂ ಪುಡಿ ಅಂಟಿಕೊಂಡಿತ್ತು. ನಲವತ್ತು ವರ್ಷ ನಡೆದ ಕಾರ್ಖಾನೆಯನ್ನು ಪೂರ್ತಿ ತೆಗೆದುಹಾಕಲು ಮೂವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

ಯಾಕಷ್ಟು ಕಾಲ? ಕಾರ್ಖಾನೆ ನಡೆಯುವಾಗ ಪ್ಲುಟೋನಿಯಂ ಪೆಟ್ಟಿಗೆಯೊಳಗೆ, ಮನುಷ್ಯ ಹೊರಗೆ. ಗ್ಲೋವ್‌ಬಾಕ್ಸ್ ಅಂದರೆ ಸ್ಟೀಲಿನ ದೊಡ್ಡ ಪೆಟ್ಟಿಗೆ. ಅದಕ್ಕೆ ದಪ್ಪ ಗಾಜಿನ ಕಿಟಕಿ ಇರುತ್ತದೆ. ಪಕ್ಕದಲ್ಲಿ ದುಂಡನೆಯ ತೂತುಗಳು, ಅವಕ್ಕೆ ಗಾಳಿಯಾಡದಂತೆ ಬಿಗಿದ ಉದ್ದನೆಯ ರಬ್ಬರ್ ಕೈಗವಸುಗಳು. ಹೊರಗೆ ನಿಂತು, ಗವಸಿನೊಳಗೆ ಕೈ ಹಾಕಿ ಕೆಲಸ ಮಾಡಬೇಕು. ಒಳಗಿನ ಗಾಳಿಯ ಒತ್ತಡ ಹೊರಗಿಗಿಂತ ಸ್ವಲ್ಪ ಕಡಿಮೆ ಇಟ್ಟಿರುತ್ತಾರೆ. ಎಲ್ಲಾದರೂ ಸಣ್ಣ ಬಿರುಕು ಬಿಟ್ಟರೂ ಹೊರಗಿನ ಗಾಳಿ ಒಳಹೋಗುತ್ತದೆಯೇ ಹೊರತು ಒಳಗಿನ ಧೂಳು ಹೊರಬರುವುದಿಲ್ಲ. ಚೆನ್ನಾಗಿ ಯೋಚಿಸಿ ಮಾಡಿದ ವ್ಯವಸ್ಥೆ. ಆದರೆ ಕಳಚುವ ದಿನ ಬಂದಾಗ, ಇಷ್ಟು ವರ್ಷ ಕಾಪಾಡಿದ ಆ ಗೋಡೆಯನ್ನೇ ಗರಗಸದಿಂದ ಕೊಯ್ಯಬೇಕು. ಅಪಾಯ ಜಾಸ್ತಿಯಾಗುವುದು ಅಲ್ಲಿ.

ಇಲ್ಲಿ ಎರಡು ವಿಷಯಗಳನ್ನು ಬೇರೆಬೇರೆಯಾಗಿ ನೋಡಬೇಕು. ಒಂದು ವಿಕಿರಣ, ಇನ್ನೊಂದು ವಿಕಿರಣಶೀಲ ಧೂಳು. ಸೌದೆ ಒಲೆಯ ಮುಂದೆ ಕೂತರೆ ಶಾಖ ತಟ್ಟುತ್ತದೆ, ಎದ್ದು ದೂರ ಹೋದರೆ ಅಲ್ಲಿಗೆ ಮುಗಿಯಿತು. ಆದರೆ ಒಲೆಯ ಬೂದಿ ಬಟ್ಟೆಗೆ ಹತ್ತಿದರೆ ನೀವು ಹೋದಲ್ಲೆಲ್ಲ ಅದೂ ಬರುತ್ತದೆ. ಗಾಮಾ ಕಿರಣ ಶಾಖದ ಹಾಗೆ. ಅದಕ್ಕೆ ಮೂರು ಉಪಾಯಗಳಿವೆ: ಹತ್ತಿರ ಇರುವ ಹೊತ್ತು ಕಡಿಮೆ ಮಾಡುವುದು, ದೂರ ನಿಲ್ಲುವುದು, ನಡುವೆ ಸೀಸ ಅಥವಾ ಕಾಂಕ್ರೀಟ್ ಇಡುವುದು. ಧೂಳಿಗೆ ಈ ಮೂರೇ ಸಾಲುವುದಿಲ್ಲ.

ಪ್ಲುಟೋನಿಯಂ ಮುಖ್ಯವಾಗಿ ಹೊರಹಾಕುವುದು ಆಲ್ಫಾ ಕಣ. ಗಾಳಿಯಲ್ಲಿ ಅದು ಕೆಲವೇ ಸೆಂಟಿಮೀಟರ್ ಹೋಗುತ್ತದೆ. ಒಂದು ಹಾಳೆ ಕಾಗದ ಅದನ್ನು ತಡೆಯುತ್ತದೆ. ನಮ್ಮ ಚರ್ಮದ ಮೇಲಿನ ಸತ್ತ ಪದರವೂ ತಡೆಯುತ್ತದೆ. ಹೊರಗಿದ್ದಷ್ಟು ಹೊತ್ತು ಅದು ಬಹುಮಟ್ಟಿಗೆ ನಿರುಪದ್ರವಿ. ಅದೇ ಪುಡಿ ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋದರೆ ಕಥೆ ಬೇರೆ. ಅಲ್ಲಿ ತಡೆಯಲು ಸತ್ತ ಚರ್ಮ ಇಲ್ಲ. ಕಣದ ಶಕ್ತಿಯೆಲ್ಲ ಪಕ್ಕದ ಜೀವಕೋಶಗಳ ಮೇಲೇ ಬೀಳುತ್ತದೆ. ಸ್ವಲ್ಪ ಭಾಗ ರಕ್ತಕ್ಕೆ ಸೇರಿ ಯಕೃತ್ತಿನಲ್ಲಿ, ಮೂಳೆಯಲ್ಲಿ ಕೂರುತ್ತದೆ. ಅಲ್ಲಿಂದ ಹೊರಬರಲು ದಶಕಗಳೇ ಬೇಕು. ಹಾಗಾಗಿ ಈ ಕೆಲಸದ ಎಲ್ಲ ಉಪಾಯಗಳ ಗುರಿಯೂ ಒಂದೇ: ಧೂಳು ಏಳಬಾರದು, ಎದ್ದರೂ ಮೂಗಿಗೆ ಮುಟ್ಟಬಾರದು.

ಸುಮ್ನೆ ಬೀಗ ಹಾಕಿ ಕಾಯಬಹುದಲ್ವಾ ಅಂತ ಕೇಳಬಹುದು. ಗಾಮಾ ಬಿಡುವ ಕೋಬಾಲ್ಟ್-60 ಎಂಬ ಲೋಹ ಆದರೆ ಕಾಯುವುದರಲ್ಲಿ ಅರ್ಥವಿದೆ. ಐದೂಕಾಲು ವರ್ಷಕ್ಕೆ ಅದು ಅರ್ಧವಾಗುತ್ತದೆ. ಪ್ಲುಟೋನಿಯಂ-239 ಅರ್ಧವಾಗಲು 24,100 ವರ್ಷ ಬೇಕು. ಇನ್ನೂ ಒಂದು ತೊಡಕಿದೆ. ಇಂಥ ಪ್ಲುಟೋನಿಯಂ ಜೊತೆ ಸ್ವಲ್ಪ ಪ್ಲುಟೋನಿಯಂ-241 ಬೆರೆತಿರುತ್ತದೆ. ಅದು ಸುಮಾರು 14 ವರ್ಷಕ್ಕೊಮ್ಮೆ ಅರ್ಧವಾಗುತ್ತಾ ಅಮೆರಿಷಿಯಂ-241 ಆಗಿ ಬದಲಾಗುತ್ತದೆ. ಅಮೆರಿಷಿಯಂ ಆಲ್ಫಾ ಜೊತೆಗೆ ಗಾಮಾ ಕಿರಣವನ್ನೂ ಬಿಡುತ್ತದೆ. ಅಂದರೆ ಮುಚ್ಚಿಟ್ಟ ಹಳೆಯ ಗ್ಲೋವ್‌ಬಾಕ್ಸಿನ ಹತ್ತಿರ ನಿಲ್ಲುವವರಿಗೆ ತಟ್ಟುವ ಗಾಮಾ ಹಲವು ದಶಕಗಳ ತನಕ ಏರುತ್ತಲೇ ಹೋಗುತ್ತದೆ. ಜೊತೆಗೆ ರಬ್ಬರ್ ಗವಸುಗಳು ಹಳತಾಗಿ ಬಿರಿಯುತ್ತವೆ, ಚಾವಣಿ ಸೋರುತ್ತದೆ, ಪೈಪು ತುಕ್ಕು ಹಿಡಿಯುತ್ತದೆ. ಯಾವ ಪೈಪಿನಲ್ಲಿ ಏನು ಹರಿಯುತ್ತಿತ್ತು ಅಂತ ಬಲ್ಲ ಹಳೆಯ ಕೆಲಸಗಾರರು ನಿವೃತ್ತರಾಗುತ್ತಾರೆ. ನನಗೆ ಈ ಕೊನೆಯದೇ ದೊಡ್ಡ ನಷ್ಟ ಅನ್ನಿಸುತ್ತದೆ. ನಕ್ಷೆಯಲ್ಲಿ ಇಲ್ಲದ್ದು ಅವರ ತಲೆಯಲ್ಲಿ ಇರುತ್ತದೆ.

ಸರಿ, ಹಾಗಾದರೆ ಒಂದು ಗ್ಲೋವ್‌ಬಾಕ್ಸನ್ನು ಬಿಚ್ಚುವುದು ಹೇಗೆ?

ಮೊದಲು ಅಳತೆ. ಪೆಟ್ಟಿಗೆಯಲ್ಲಿ, ಕೊಳವೆಯಲ್ಲಿ ಎಷ್ಟು ಪ್ಲುಟೋನಿಯಂ ಉಳಿದಿದೆ ಅಂತ ಹೊರಗಿನಿಂದಲೇ ಉಪಕರಣ ಹಿಡಿದು ಅಂದಾಜು ಮಾಡುತ್ತಾರೆ. ಆರೋಗ್ಯದ ಲೆಕ್ಕದ ಜೊತೆಗೆ ಇದಕ್ಕೆ ಇನ್ನೊಂದು ಕಾರಣವಿದೆ. ಪ್ಲುಟೋನಿಯಂ ಒಂದು ಮಿತಿ ಮೀರಿ ಒಂದೇ ಕಡೆ ಸೇರಿದರೆ ತಾನಾಗಿಯೇ ಸರಪಳಿ ಕ್ರಿಯೆ ಶುರುವಾಗಬಹುದು, ಅಂದರೆ ಒಂದು ಪರಮಾಣು ಒಡೆದಾಗ ಹಾರುವ ನ್ಯೂಟ್ರಾನ್ ಕಣಗಳು ಪಕ್ಕದವನ್ನೂ ಒಡೆಯುತ್ತಾ ಹೋಗಬಹುದು. ನೀರು ಜೊತೆಗಿದ್ದರೆ ಅದಕ್ಕೆ ಇನ್ನೂ ಅನುಕೂಲ, ಯಾಕೆಂದರೆ ನೀರು ನ್ಯೂಟ್ರಾನ್‌ಗಳ ವೇಗ ಕುಗ್ಗಿಸುತ್ತದೆ. ಹಾಗಾಗಿ ಧೂಳು ಏಳದಿರಲಿ ಅಂತ ಸಿಕ್ಕಾಪಟ್ಟೆ ನೀರು ಹಾಯಿಸುವ ಹಾಗೂ ಇಲ್ಲ. ಹ್ಯಾನ್‌ಫರ್ಡಿನ ಒಂದು ಕಟ್ಟಡದಲ್ಲಿ ದ್ರಾವಣದ ತೊಟ್ಟಿಗಳನ್ನು ಪೆನ್ಸಿಲ್ಲಿನಂತೆ ಉದ್ದಕ್ಕೆ, ತೆಳ್ಳಗೆ ಮಾಡಿದ್ದೂ ಇದೇ ಕಾರಣಕ್ಕೆ. ಬಿಚ್ಚಿದ ತುಂಡುಗಳನ್ನು ಡ್ರಮ್ಮಿಗೆ ತುಂಬುವಾಗಲೂ ಇದೇ ಲೆಕ್ಕ. ಇಂತಿಷ್ಟೇ ಗ್ರಾಂ, ಅದಕ್ಕಿಂತ ಜಾಸ್ತಿ ಇಲ್ಲ.

ಆಮೇಲೆ ಒರೆಸುವುದು. ಇನ್ನೂ ಗವಸುಗಳು ಗಟ್ಟಿಯಾಗಿರುವಾಗಲೇ, ಫ್ಯಾನು ಓಡುತ್ತಿರುವಾಗಲೇ, ಪೆಟ್ಟಿಗೆಯ ಒಳಭಾಗವನ್ನು ರಾಸಾಯನಿಕ ಹಚ್ಚಿ ಒರೆಸಿ ಸಾಧ್ಯವಾದಷ್ಟು ಪುಡಿ ತೆಗೆಯುತ್ತಾರೆ. ಒಂದು ತಿಂಗಳ ಒರೆಸುವ ಕೆಲಸ ಬೇಸರ ತರಿಸುತ್ತದೆ ನಿಜ. ಆದರೆ ಇಲ್ಲಿ ತೆಗೆದ ಪ್ರತಿ ಗ್ರಾಂ ಮುಂದೆ ಗರಗಸದ ಬಾಯಿಗೆ ಸಿಗುವುದಿಲ್ಲ. ಉಳಿದದ್ದರ ಮೇಲೆ ಪೇಂಟಿನಂಥ ಅಂಟು ದ್ರವ ಸಿಂಪಡಿಸುತ್ತಾರೆ. ಅದು ಒಣಗಿ ಪದರವಾದರೆ ಪುಡಿ ಅದರಡಿ ಸಿಕ್ಕಿಕೊಳ್ಳುತ್ತದೆ. ಚೂಪಾದ ಅಂಚು, ಮೊಳೆ, ತಂತಿಯ ತುದಿ ಎಲ್ಲಕ್ಕೂ ಟೇಪು ಸುತ್ತುತ್ತಾರೆ. ಗವಸು ತೂರಿ ಬೆರಳಿಗೆ ಚುಚ್ಚಿದರೆ ಪ್ಲುಟೋನಿಯಂ ಮಾಂಸದೊಳಕ್ಕೇ ಹೋಗಿ ಕೂರುತ್ತದೆ. ಈ ಕೆಲಸದಲ್ಲಿ ಸಣ್ಣ ಗಾಯ ಅನ್ನುವುದು ಇಲ್ಲ. ಬೇರೆ ಕಡೆ ಬ್ಯಾಂಡೇಜು ಸುತ್ತಿ ಮುಗಿಸುವ ಗೀರಿಗೂ ಇಲ್ಲಿ ಉಪಕರಣ ಹಿಡಿದು ನೋಡುತ್ತಾರೆ, ಬೇಕಾದರೆ ಆ ಜಾಗದ ಚರ್ಮವನ್ನೇ ಕತ್ತರಿಸಿ ತೆಗೆಯುತ್ತಾರೆ.

ಮೂರನೆಯದು ಗಾಳಿ. ಗ್ಲೋವ್‌ಬಾಕ್ಸಿನ ಸುತ್ತ ದಪ್ಪ ಪ್ಲಾಸ್ಟಿಕ್ಕಿನ ಡೇರೆ ಕಟ್ಟುತ್ತಾರೆ. ಡೇರೆಯೊಳಗಿನ ಗಾಳಿಯನ್ನು ಫ್ಯಾನು ಸದಾ ಎಳೆದು ಫಿಲ್ಟರಿಗೆ ಕಳಿಸುತ್ತದೆ. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ 99.97 ಶೇಕಡಾ ಹಿಡಿಯುವ ಫಿಲ್ಟರುಗಳು ಇವು. ಗಾಳಿ ಯಾವಾಗಲೂ ಚೊಕ್ಕ ಜಾಗದಿಂದ ಕೊಳಕು ಜಾಗದ ಕಡೆಗೇ ಹರಿಯಬೇಕು, ಎಂದೂ ಹಿಮ್ಮುಖ ಆಗಬಾರದು. ಕೊಯ್ಯುವಾಗಲೂ ಕಿಡಿ ಹಾರಿಸುವ, ಪುಡಿ ಎರಚುವ ಯಂತ್ರಕ್ಕಿಂತ ತಗಡನ್ನು ಕಚ್ಚಿ ತುಂಡರಿಸುವ ಉಪಕರಣವನ್ನೇ ಸಾಧ್ಯವಾದಲ್ಲೆಲ್ಲ ಬಳಸುತ್ತಾರೆ.

ಒಳಗಿನ ತುಂಡನ್ನು ಹೊರತೆಗೆಯುವ ರೀತಿ ನನಗೆ ಬಹಳ ಇಷ್ಟವಾದದ್ದು. ಪೆಟ್ಟಿಗೆಯ ಬಾಯಿಗೆ ಉದ್ದನೆಯ ಪ್ಲಾಸ್ಟಿಕ್ ಚೀಲ ಕಟ್ಟಿರುತ್ತಾರೆ. ತುಂಡನ್ನು ಚೀಲದೊಳಕ್ಕೆ ತಳ್ಳಿ, ಪೆಟ್ಟಿಗೆ ಮತ್ತು ತುಂಡಿನ ನಡುವೆ ಚೀಲವನ್ನು ಬಿಗಿಯಾಗಿ ತಿರುಚುತ್ತಾರೆ. ತಿರುಚಿದಲ್ಲಿ ಟೇಪು ಸುತ್ತಿ ಸರಿಯಾಗಿ ಮಧ್ಯಕ್ಕೆ ಕತ್ತರಿಸುತ್ತಾರೆ. ಅರ್ಧ ಗಂಟು ತುಂಡಿನ ಬಾಯಿ ಮುಚ್ಚುತ್ತದೆ, ಇನ್ನರ್ಧ ಪೆಟ್ಟಿಗೆಯ ಬಾಯಿ ಮುಚ್ಚುತ್ತದೆ. ಒಳಗೂ ಹೊರಗೂ ನಡುವೆ ಒಂದು ಕ್ಷಣವೂ ದಾರಿ ತೆರೆಯಲಿಲ್ಲ. ಇದಕ್ಕೆ ಕಂಪ್ಯೂಟರ್ ಬೇಡ, ರೋಬೋ ಬೇಡ. ಪಳಗಿದ ಕೈ ಬೇಕು, ಅಷ್ಟೇ. ಅದಕ್ಕೇ ಮೊದಲು ಖಾಲಿ ಪೆಟ್ಟಿಗೆಯ ಮೇಲೆ ಅಭ್ಯಾಸ ಮಾಡಿಸುತ್ತಾರೆ.

ಇಷ್ಟೆಲ್ಲ ಆದ ಮೇಲೆ ಸೂಟು. ಎರಡು ಪದರ ಬಟ್ಟೆ, ಎರಡು ಮೂರು ಜೊತೆ ಕೈಗವಸು, ಮಣಿಕಟ್ಟಿಗೆ ಟೇಪು, ಮುಖಪೂರ್ತಿ ಮಾಸ್ಕು ಅಥವಾ ಹೊರಗಿನಿಂದ ಕೊಳವೆಯಲ್ಲಿ ಶುದ್ಧ ಗಾಳಿ. ತೊಡುವಾಗ ಅಂಥ ಕಷ್ಟವಿಲ್ಲ. ಧೂಳು ಮೈಗೆ ಹತ್ತುವ ಸಂಭವ ಹೆಚ್ಚಿರುವುದು ಬಿಚ್ಚುವಾಗ. ಹೊರಮೈ ಒಳಗೆ ಹೋಗುವ ಹಾಗೆ ಬಟ್ಟೆಯನ್ನು ಸುರುಳಿ ಸುತ್ತುತ್ತಾ ಇಳಿಸಬೇಕು. ಪಕ್ಕದಲ್ಲಿ ಇನ್ನೊಬ್ಬರು ನಿಂತು ಸಹಾಯ ಮಾಡುತ್ತಾರೆ. ಮಾಸ್ಕು ತೆಗೆಯುವುದು ಕೊನೆಗೆ. ನಂತರ ಮೈಮೇಲೆಲ್ಲ ಉಪಕರಣ ಆಡಿಸಿ ನೋಡುತ್ತಾರೆ. ಆಲ್ಫಾ ಕಣ ದೂರ ಹೋಗುವುದಿಲ್ಲವಾದ್ದರಿಂದ ಉಪಕರಣವನ್ನು ಬಟ್ಟೆಗೆ ಅರ್ಧ ಸೆಂಟಿಮೀಟರ್ ಹತ್ತಿರ ಹಿಡಿದು ನಿಧಾನಕ್ಕೆ ಸರಿಸಬೇಕು. ಬೇಗ ಬೇಗ ಆಡಿಸಿದರೆ ಏನೂ ಕಾಣುವುದಿಲ್ಲ. ಬಟ್ಟೆ ಬೆವರಿನಿಂದ ತೊಯ್ದಿದ್ದರೂ ಅಷ್ಟೇ. ಆ ತೆಳುವಾದ ನೀರಿನ ಪದರವೇ ಆಲ್ಫಾ ಕಣವನ್ನು ತಡೆದು, ಕೊಳಕನ್ನು ಉಪಕರಣದಿಂದ ಮರೆಮಾಡುತ್ತದೆ.

ಬೆವರು ಅಂದಾಗ ಇನ್ನೊಂದು ಮಾತು. ಹ್ಯಾನ್‌ಫರ್ಡ್ ಇರುವುದು ಒಣ ಬಯಲಿನಲ್ಲಿ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವುದುಂಟು. ಗಾಳಿಯಾಡದ ಸೂಟಿನಲ್ಲಿ ಗರಗಸ ಹಿಡಿದವನಿಗೆ ಪ್ಲುಟೋನಿಯಂಗಿಂತ ಮೊದಲು ಕಾಡುವುದು ಸೆಕೆ. ಕಣ್ಣು ಕತ್ತಲೆ ಬಂದು ಬಿದ್ದರೆ, ಕೈ ಜಾರಿ ಕುಯ್ದುಕೊಂಡರೆ, ವಿಕಿರಣದ ಲೆಕ್ಕವೆಲ್ಲ ತಲೆಕೆಳಗು. ಸೂಟಿಗೆ ಪದರ ಹೆಚ್ಚಿಸಿದಷ್ಟೂ ರಕ್ಷಣೆ ಹೆಚ್ಚುತ್ತದೆ ಅಂತ ತಿಳಿದರೆ ತಪ್ಪು. ಒಂದು ಹಂತ ದಾಟಿದ ಮೇಲೆ ಪದರಗಳೇ ಅಪಾಯ ತರುತ್ತವೆ. ಜೊತೆಗೆ ಹಳೆಯ ಕಟ್ಟಡಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಎತ್ತರದ ಕೆಲಸ ಇರುತ್ತದೆ, ಭಾರದ ತುಂಡುಗಳು ಇರುತ್ತವೆ. ಬರೀ ವಿಕಿರಣವನ್ನೇ ನೋಡುತ್ತಾ ಕೂತರೆ ಮೇಲಿನಿಂದ ಬೀಳುವ ಕಬ್ಬಿಣ ಕಾಣುವುದಿಲ್ಲ.

ಎಲ್ಲ ಮಾಡಿಯೂ ಒಳಗೆ ಹೋಗಿದೆಯೋ ಇಲ್ಲವೋ ಅಂತ ಗೊತ್ತಾಗುವುದು ಹೇಗೆ? ಎದೆಗೆ ಸಿಕ್ಕಿಸುವ ಬ್ಯಾಡ್ಜ್ ಗಾಮಾ ಕಿರಣವನ್ನು ಲೆಕ್ಕ ಹಾಕುತ್ತದೆ. ಶ್ವಾಸಕೋಶದಲ್ಲಿ ಕೂತ ಆಲ್ಫಾ ಅದಕ್ಕೆ ಕಾಣುವುದಿಲ್ಲ. ಅದಕ್ಕಾಗಿ ಗಾಳಿಯನ್ನು ಸದಾ ಪರೀಕ್ಷಿಸುವ ಯಂತ್ರಗಳು ಬೇಕು, ಕೊರಳ ಬಳಿ ಸಣ್ಣ ಗಾಳಿ ಸಂಗ್ರಹಕ ಬೇಕು, ಮೂಗಿನಿಂದ ಹತ್ತಿಯ ಒರೆತ ಬೇಕು, ಕೊನೆಗೆ ಮಲ ಮೂತ್ರದ ಪರೀಕ್ಷೆ ಬೇಕು.

ಮೂತ್ರ ಪರೀಕ್ಷೆಯ ಬೆಲೆ ಏನು ಅನ್ನುವುದಕ್ಕೆ ನಮ್ಮ ಉತ್ತರ ಕನ್ನಡದ ಕೈಗಾದಲ್ಲೇ ಒಂದು ಉದಾಹರಣೆ ಇದೆ. ಅದು ಕಳಚುವ ಕೆಲಸ ಅಲ್ಲ, ನಡೆಯುತ್ತಿದ್ದ ವಿದ್ಯುತ್ ಸ್ಥಾವರ. 2009ರ ನವೆಂಬರಿನಲ್ಲಿ ಅಲ್ಲಿನ ಕೆಲಸಗಾರರ ವಾಡಿಕೆಯ ಮೂತ್ರ ಪರೀಕ್ಷೆಯಲ್ಲಿ ಟ್ರಿಟಿಯಂ, ಅಂದರೆ ವಿಕಿರಣಶೀಲ ಹೈಡ್ರೋಜನ್, ಹೆಚ್ಚಾಗಿ ಕಂಡಿತು. ಐವತ್ತಕ್ಕೂ ಹೆಚ್ಚು ಜನರಿಗೆ ಹೀಗಾಗಿತ್ತು. ಸ್ಥಾವರದಲ್ಲಿ ಸೋರಿಕೆ ಇರಲಿಲ್ಲ. ಹುಡುಕುತ್ತಾ ಹೋದಾಗ ಕುಡಿಯುವ ನೀರಿನ ಕೂಲರಿಗೆ ಯಾರೋ ಸ್ಥಾವರದಲ್ಲಿ ಬಳಸುವ, ಟ್ರಿಟಿಯಂ ಇರುವ ಭಾರಜಲ ಬೆರೆಸಿದ್ದು ತಿಳಿಯಿತು. ಟ್ರಿಟಿಯಂ ಬಿಡುವ ಕಿರಣ ತೀರಾ ದುರ್ಬಲ, ಯಾವ ಬ್ಯಾಡ್ಜೂ ಅದನ್ನು ತೋರಿಸುತ್ತಿರಲಿಲ್ಲ. ಟ್ರಿಟಿಯಂ ನೀರಿನ ಜೊತೆ ಬರುತ್ತದೆ, ನೀರಿನ ಜೊತೆಗೇ ಹೋಗುತ್ತದೆ. ಸುಮಾರು ಹತ್ತು ದಿನಕ್ಕೆ ದೇಹದಲ್ಲಿ ಅರ್ಧವಾಗುತ್ತದೆ. ಪ್ಲುಟೋನಿಯಂ, ಅಮೆರಿಷಿಯಂ ಹಾಗಲ್ಲ. ಅವು ಒಳಹೊಕ್ಕರೆ ಡಿಟಿಪಿಎ ಎಂಬ ಔಷಧ ಕೊಡುತ್ತಾರೆ. ಅದು ರಕ್ತದಲ್ಲಿರುವ ಲೋಹವನ್ನು ಹಿಡಿದು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಮೂಳೆಯಲ್ಲಿ ಕೂತ ಮೇಲೆ ಅದಕ್ಕೆ ಅಷ್ಟಾಗಿ ಸಿಗುವುದಿಲ್ಲ. ಹಾಗಾಗಿ ಗಂಟೆಗಳ ಲೆಕ್ಕದಲ್ಲಿ ಕೊಡಬೇಕು.

ಈ ಔಷಧದ ಅತಿ ದೊಡ್ಡ ಪರೀಕ್ಷೆ ನಡೆದದ್ದು ಹ್ಯಾನ್‌ಫರ್ಡಿನಲ್ಲೇ. 1976ರ ಆಗಸ್ಟ್ 30ರಂದು ಹೆರಾಲ್ಡ್ ಮೆಕ್‌ಕ್ಲಸ್ಕಿ ಎಂಬ 64 ವರ್ಷದ ಕೆಲಸಗಾರ ಅಮೆರಿಷಿಯಂ ಬೇರ್ಪಡಿಸುವ ಗ್ಲೋವ್‌ಬಾಕ್ಸಿನ ಮುಂದೆ ಇದ್ದರು. ಮುಷ್ಕರದ ಕಾರಣ ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿದ್ದ ರಾಳದ ಕೊಳವೆಗೆ ನೈಟ್ರಿಕ್ ಆಮ್ಲ ಬಿಟ್ಟಾಗ ಅದು ಸಿಡಿಯಿತು. ಗಾಜು, ಆಮ್ಲ, ಅಮೆರಿಷಿಯಂ ಎಲ್ಲ ಅವರ ಮುಖಕ್ಕೆ ಎರಚಿದವು. ಜೀವಮಾನಕ್ಕೆ ಅನುಮತಿಸಿದ ಮಿತಿಯ ಸುಮಾರು 500 ಪಟ್ಟು ಅಮೆರಿಷಿಯಂ ಅವರ ಮೈ ಸೇರಿತ್ತು. ಸುಮಾರು ಐದು ತಿಂಗಳು ಅವರನ್ನು ಬೇರೆಯಾಗಿ ಇರಿಸಿ, ಮತ್ತೆ ಮತ್ತೆ ತೊಳೆದು, ಡಿಟಿಪಿಎ ಕೊಡುತ್ತಾ ಹೋದರು. ಅವರು ಬದುಕಿದರು. ಹನ್ನೊಂದು ವರ್ಷದ ನಂತರ, 1987ರಲ್ಲಿ ಹೃದಯದ ಕಾಯಿಲೆಯಿಂದ ತೀರಿಕೊಂಡರು, ಕ್ಯಾನ್ಸರ್ ಇರಲಿಲ್ಲ. ಮನೆಗೆ ಬಂದ ಮೇಲೆ ಕೆಲವು ಗೆಳೆಯರು ಹತ್ತಿರ ಬರಲು ಹೆದರಿದ್ದರಂತೆ.

ಆ ಕೋಣೆಗೆ ಅವರ ಹೆಸರೇ ಉಳಿಯಿತು. ದಶಕಗಳ ಕಾಲ ಅದು ಬಹುಮಟ್ಟಿಗೆ ಮುಚ್ಚಿಯೇ ಇತ್ತು. 2014ರಲ್ಲಿ ಕೊನೆಯ ಹಂತದ ಸ್ವಚ್ಛತೆಗೆ ಇಳಿದವರಿಗೆ ಹೊಸ ಬಗೆಯ ಸೂಟು ಕೊಟ್ಟರು. ಕೊಳವೆಯಲ್ಲಿ ಬರುವ ಗಾಳಿ ಉಸಿರಿಗೂ ಆಗುತ್ತಿತ್ತು, ಮೈ ತಂಪಿಗೂ ಆಗುತ್ತಿತ್ತು. ಒಳಗಿನ ಒತ್ತಡ ಜಾಸ್ತಿ ಇರುವುದರಿಂದ ಸೂಟು ಹರಿದರೂ ಗಾಳಿ ಹೊರಕ್ಕೇ ನುಗ್ಗುತ್ತದೆ. ಗ್ಲೋವ್‌ಬಾಕ್ಸಿನ ಉಪಾಯವನ್ನೇ ಇಲ್ಲಿ ತಿರುಗಿಸಿ ಬಳಸಿದ್ದಾರೆ. ಒಳಗಿನ ಅತಿ ಕಷ್ಟದ ಕೆಲಸವೂ ಹೀಗೆ ಮುಗಿಯಿತು.

ಆಮೇಲೆ ಎಡವಿದ್ದು ಬಯಲಿನಲ್ಲಿ. 2016ರ ನವೆಂಬರಿನಲ್ಲಿ ಕಟ್ಟಡವನ್ನೇ ಕೆಡವಲು ಶುರು ಮಾಡಿದರು. ಈಗ ಡೇರೆಯಿಲ್ಲ, ಗಾಳಿ ಎಳೆಯುವ ಫ್ಯಾನಿಲ್ಲ. ಇರುವುದು ಅಂಟು ದ್ರವದ ಪದರ, ನೀರಿನ ತುಂತುರು ಮಾತ್ರ. 2017ರ ಜೂನ್ 8ರಂದು ಗಾಳಿ ಪರೀಕ್ಷಿಸುವ ಯಂತ್ರಗಳು ಕೂಗಿದವು. ಸುಮಾರು 350 ಜನ ಒಳಗೆ ಓಡಿ ಬಾಗಿಲು ಹಾಕಿಕೊಂಡರು. ಅದೇ ಡಿಸೆಂಬರಿನಲ್ಲಿ ಮತ್ತೆ ಧೂಳು ಹರಡಿತು. ಈ ಸಲ ಕೆಲಸಗಾರರ ಸ್ವಂತ ಕಾರುಗಳ ಮೇಲೂ ಕಣಗಳು ಸಿಕ್ಕವು. ಎರಡೂ ಸಲ ಸೇರಿ 42 ಜನರ ದೇಹದೊಳಗೆ ವಿಕಿರಣಶೀಲ ಕಣ ಹೋಗಿರುವುದು ಪರೀಕ್ಷೆಯಲ್ಲಿ ಕಂಡಿತು. ಪ್ರಮಾಣ ಬಹಳ ಸಣ್ಣದು, ವಾರ್ಷಿಕ ಮಿತಿಗಿಂತ ಎಷ್ಟೋ ಕೆಳಗೆ. ಆದರೂ ಕೆಲಸ ನಿಲ್ಲಿಸಿದರು.

ಕಾರಣ ಹುಡುಕಿದಾಗ ಸಿಕ್ಕದ್ದು ಯಾವ ದೊಡ್ಡ ರಹಸ್ಯವೂ ಅಲ್ಲ. ಅಂಟು ದ್ರವವನ್ನು ಅತಿಯಾಗಿ ನಂಬಿದ್ದರು. ಕೆಡವಿದ ಅವಶೇಷವನ್ನು ಬೇಗ ಡಬ್ಬಿಗೆ ತುಂಬದೆ ರಾಶಿ ಬೀಳಲು ಬಿಟ್ಟಿದ್ದರು. ಧೂಳು ಇಷ್ಟು ದೂರ ಮಾತ್ರ ಹೋಗುತ್ತದೆ ಅನ್ನುವ ಲೆಕ್ಕ ತಪ್ಪಿತ್ತು, ಹಾಗಾಗಿ ಬೇಲಿ ತೀರಾ ಹತ್ತಿರ ಇತ್ತು. ಡಿಸೆಂಬರಿನಲ್ಲಿ ಹಾರಿದ ಚುಕ್ಕೆಯಂಥ ಕಣಗಳು ಗಾಳಿಯ ಯಂತ್ರಕ್ಕೆ ಸಿಗದೆ ನೆಲಕ್ಕೆ ಬೀಳುತ್ತಿದ್ದವು. ಬೇಲಿಯೊಳಗಿನವರು ಮಾಸ್ಕು ಹಾಕಿದ್ದರು. ಬೇಲಿಯ ಹೊರಗೆ ನಡೆದಾಡುವವರಿಗೆ ಮಾಸ್ಕು ಏಕೆ? ಹಾಗೆ ನೋಡಿದರೆ ಸೂಟು ಇಲ್ಲಿ ಸೋಲಲಿಲ್ಲ, ಸೂಟಿಗಿಂತ ಮೊದಲಿನ ತಡೆಗಳು ಸೋತವು. 2018ರಲ್ಲಿ ಕೆಲಸ ಮತ್ತೆ ಶುರುವಾದಾಗ ಬೇಲಿ ದೂರ ಸರಿದಿತ್ತು, ಕಾರು ನಿಲ್ಲಿಸುವ ಜಾಗವೂ ದೂರ ಹೋಗಿತ್ತು. ಕಡಿಮೆ ಅಪಾಯದ ಭಾಗಗಳನ್ನು ಮೊದಲು ಕೈಗೆತ್ತಿಕೊಂಡು, ನಿಧಾನಕ್ಕೆ ಮುಂದುವರಿದರು. ಕೊನೆಯ ಅವಶೇಷ ತುಂಬಿ ಮುಗಿದದ್ದು 2021ರಲ್ಲಿ.

ಇಷ್ಟೆಲ್ಲ ವ್ಯವಸ್ಥೆ ಸಾಧ್ಯವಾಗುವುದು ಎದುರಿಗಿರುವುದು ಏನು ಅಂತ ಗೊತ್ತಿದ್ದಾಗ. ಗೊತ್ತೇ ಇಲ್ಲದೆ ಬಿಚ್ಚಿದರೆ? 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಆದದ್ದು ಅದು. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಗಾಮಾ ಕಿರಣದ ಒಂದು ಹಳೆಯ ಯಂತ್ರ ಇತ್ತು. 1985ರಿಂದ ಯಾರೂ ಬಳಸಿರಲಿಲ್ಲ. ಫೆಬ್ರವರಿಯಲ್ಲಿ ಅದು ಬೇರೆ ಗುಜರಿ ಸಾಮಾನಿನ ಜೊತೆ ಹರಾಜಾಯಿತು. ಗುಜರಿಯವರಿಗೆ ಕಂಡದ್ದು ಒಳ್ಳೆಯ ಬೆಲೆ ಬರುವ ಸೀಸ. ಆ ಸೀಸವೇ ಒಳಗಿನ ಕೋಬಾಲ್ಟ್-60ರಿಂದ ಜನರನ್ನು ಕಾಪಾಡುತ್ತಿದ್ದ ಗೋಡೆ. ಅದನ್ನು ಬಿಚ್ಚಿ ಒಳಗಿನ ಕಡ್ಡಿಗಳನ್ನು ಹೊರತೆಗೆದರು. ಒಬ್ಬರು ಒಂದು ತುಂಡನ್ನು ಪರ್ಸಿನಲ್ಲೇ ಇಟ್ಟುಕೊಂಡಿದ್ದರು. ಏಪ್ರಿಲಿನಲ್ಲಿ ಒಬ್ಬ ಕೆಲಸಗಾರ ತೀರಿಕೊಂಡ, ಇನ್ನೂ ಏಳು ಜನ ಆಸ್ಪತ್ರೆ ಸೇರಿದರು. ಹ್ಯಾನ್‌ಫರ್ಡಿನ 42 ಜನರ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಅಲ್ಲಿ ಲೆಕ್ಕ ಸ್ವಲ್ಪ ತಪ್ಪಿತು. ಇಲ್ಲಿ ಲೆಕ್ಕವೇ ಇರಲಿಲ್ಲ. ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಲ್ಲಿ ವಿಕಿರಣದ ಕೆಲಸಗಾರನಿಗೆ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಟ್ಟುವ ವಿಕಿರಣದ ಅಳತೆ), ಯಾವ ಒಂದು ವರ್ಷದಲ್ಲೂ 30 ಮೀರಬಾರದು. ಮಾಯಾಪುರಿಯವರು ಆ ಪಟ್ಟಿಯಲ್ಲೇ ಇರಲಿಲ್ಲ. ಅವರು ವಿಕಿರಣದ ಕೆಲಸಗಾರರು ಅಂತ ಯಾರಿಗೂ, ಅವರಿಗೂ, ತಿಳಿದಿರಲಿಲ್ಲ.

ಇಂಥವರಿಗಾಗಿಯೇ 2007ರಲ್ಲಿ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಒಂದು ಹೊಸ ಎಚ್ಚರಿಕೆ ಗುರುತು ತಂದಿತು. ಹಳದಿ ಹಿನ್ನೆಲೆಯ ಮೂರು ಎಸಳಿನ ಹಳೆಯ ಗುರುತು ಏನು ಹೇಳುತ್ತದೆ ಅಂತ ಎಷ್ಟೋ ಜನರಿಗೆ ಗೊತ್ತಾಗುತ್ತಿರಲಿಲ್ಲ. ಹೊಸದರಲ್ಲಿ ಕೆಂಪು ತ್ರಿಕೋನ, ಕಿರಣಗಳು, ತಲೆಬುರುಡೆ, ಓಡಿಹೋಗುತ್ತಿರುವ ಮನುಷ್ಯ ಇದ್ದಾರೆ. ಭಾರತವೂ ಸೇರಿದಂತೆ 11 ದೇಶಗಳ 1,650 ಜನರಿಗೆ ತೋರಿಸಿ, ಅರ್ಥವಾಗುತ್ತದೆಯೇ ಅಂತ ನೋಡಿ ಇದನ್ನು ಆರಿಸಿದರು. ಇದನ್ನು ಕಟ್ಟಡದ ಬಾಗಿಲಿಗೆ ಅಂಟಿಸುವುದಿಲ್ಲ. ಯಂತ್ರದ ಮೇಲೆಯೇ, ಸಾಧ್ಯವಾದರೆ ಅದರ ಮುಚ್ಚಳದ ಒಳಗೆ ಅಂಟಿಸುತ್ತಾರೆ. ಯಂತ್ರವನ್ನು ಮಾಮೂಲಾಗಿ ಬಳಸುವವರಿಗೆ ಅದು ಕಾಣುವುದೇ ಇಲ್ಲ. ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದವರಿಗೆ ಮಾತ್ರ ಕಾಣುತ್ತದೆ.